ಹಳ್ಳದ ದಡದ ಉದ್ಯಾನವನ್ನು ಮರಳಿ ಬದುಕಿಸುವ ಬಗೆ

ತುಮಕೂರಿನಂಥ ಊರಿನಲ್ಲಿ ಬಡಾವಣೆಯ ನಕ್ಷೆ ಬರೆಯುವಾಗ ನಿವೇಶನಕ್ಕೆ ಒಗ್ಗದ ತಗ್ಗು ಜಾಗವೇ ಉದ್ಯಾನಕ್ಕೆ ಉಳಿಯುವುದು ವಾಡಿಕೆ. ಆದ್ದರಿಂದ ನಮ್ಮ ಅನೇಕ ಉದ್ಯಾನಗಳ ಒಂದು ಅಂಚಿನಲ್ಲಿ ಹಳ್ಳವೋ ರಾಜಕಾಲುವೆಯೋ ಇದ್ದೇ ಇರುತ್ತದೆ. ಬೇಲಿ ಮುರಿದು, ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದು, ಮನೆ ಕೆಡವಿದ ಇಟ್ಟಿಗೆ ಚೂರು ಸುರಿದು ಪಾಳುಬಿದ್ದ ಇಂಥ ಉದ್ಯಾನವನ್ನು ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಗೇಟು, ನಡಿಗೆಯ ಹಾದಿ, ಬೆಂಚುಗಳಿಂದ ಆರಂಭಿಸುತ್ತಾರೆ; ಹಳ್ಳಕ್ಕೆ ಎರಡೂ ಬದಿ ಕಾಂಕ್ರೀಟ್ ಗೋಡೆ ಕಟ್ಟಿಸಿ, ಬೆಂಚುಗಳ ಬೆನ್ನನ್ನು ಅದರ ಕಡೆಗೆ ತಿರುಗಿಸಿ ಇಡುತ್ತಾರೆ. ಈ ಬರಹದಲ್ಲಿ ಹೇಳುವ ಕ್ರಮ ಇದಕ್ಕೆ ತದ್ವಿರುದ್ಧವಾದುದು: ಮೊದಲು ನೀರು, ಆಮೇಲೆ ಮಣ್ಣು, ಆಮೇಲೆ ಗಿಡ, ಕಟ್ಟಕಡೆಗೆ ಕಲ್ಲು ಮತ್ತು ಸಿಮೆಂಟು.

ಈ ಕ್ರಮವನ್ನು ನಾವು ನಷ್ಟದಿಂದಲೇ ಕಲಿತೆವು. ನಮ್ಮ ಬಡಾವಣೆಯ ಉದ್ಯಾನದಲ್ಲಿ ಮೊದಲ ವರ್ಷ ಉತ್ಸಾಹದಿಂದ ಹಳ್ಳದ ದಡದುದ್ದಕ್ಕೂ ಸಸಿ ನೆಟ್ಟೆವು. ಕೊಳಚೆ ನಿಂತ ಜಾಗದ ಸಸಿಗಳು ಬೇರು ಕೊಳೆತು ಎರಡು ತಿಂಗಳಲ್ಲಿ ಸತ್ತವು. ಉಳಿದವನ್ನು 2022ರ ಭಾರಿ ಮಳೆ ದಡದ ಮಣ್ಣಿನ ಸಮೇತ ಕೊಚ್ಚಿಕೊಂಡು ಹೋಯಿತು. ಸಸಿಗಳನ್ನು ಸಾಕಿದ ಮಕ್ಕಳು ಮರುದಿನ ಬಂದು ಬರಿದಾದ ದಡವನ್ನು ನೋಡಿ ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ನಡೆದು ನೋಡುವುದು

ಕೆಲಸವನ್ನು ಬೇಸಗೆಯಲ್ಲಿ, ಒಂದು ನೋಟ್‌ಬುಕ್ಕು ಮತ್ತು ಮೊಬೈಲ್ ಫೋನಿನೊಂದಿಗೆ ಆರಂಭಿಸಿ. ಮಾರ್ಚ್–ಏಪ್ರಿಲ್‌ನಲ್ಲಿ, ವಾರಗಟ್ಟಲೆ ಮಳೆಯಿಲ್ಲದ ದಿನಗಳಲ್ಲಿ, ಹಳ್ಳದಲ್ಲಿ ಹರಿಯುವ ನೀರು ಒಂದೋ ಒರತೆಯದ್ದು, ಇಲ್ಲವೇ ಯಾರದೋ ಬಚ್ಚಲಿನದ್ದು. ಬೆಳಗ್ಗೆ 6ರಿಂದ 9ರವರೆಗೆ, ಮನೆಗಳಲ್ಲಿ ಸ್ನಾನ ಮತ್ತು ಪಾತ್ರೆಯ ಕೆಲಸ ನಡೆಯುವ ಹೊತ್ತಿನಲ್ಲಿ, ಒಮ್ಮೆ ನೋಡಿ. ಮಧ್ಯಾಹ್ನ 3 ಗಂಟೆಗೆ ಅದೇ ಜಾಗದಲ್ಲಿ ಮತ್ತೆ ನೋಡಿ. ಹೊತ್ತಿಗೆ ತಕ್ಕಂತೆ ಹರಿವು ಏರಿಳಿದರೆ ಅದು ಮನೆಗಳ ನೀರೆಂದು ತಿಳಿಯಬಹುದು. ತಳದ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ, ನೀರಿನಲ್ಲಿ ಉಸಿರುಗಾಳಿ ಉಳಿದಿಲ್ಲವೆಂದು ಅರ್ಥ. ಏರೋಪ್ಲೇನ್ ಚಿಟ್ಟೆಗಳು ನೀರಿನ ಮೇಲೆ ಹಾರುತ್ತಿದ್ದರೆ, ಸಣ್ಣ ಮೀನುಗಳು ಕಂಡರೆ, ಆ ಭಾಗದಲ್ಲಿ ಹಳ್ಳ ಇನ್ನೂ ಜೀವ ಹಿಡಿದುಕೊಂಡಿದೆ. ಅಲ್ಲಿ ಯಂತ್ರ ಇಳಿಸಬಾರದೆಂದು ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಿಡಿ.

ಉದ್ಯಾನದ ಬೇಲಿಯೊಳಗೆ ಮಾತ್ರ ನೋಡಿದರೆ ಸಾಲದು. ಮೇಲ್ಭಾಗಕ್ಕೆ ಕನಿಷ್ಠ ಅರ್ಧ ಕಿಲೋಮೀಟರ್ ನಡೆಯಿರಿ. ಸಾಧ್ಯವಾದರೆ ಮೇಲಿನ ಕೆರೆಯ ಕೋಡಿಯವರೆಗೂ, ಕೆಳಗಿನ ಕೆರೆಯ ಬಾಯಿಯವರೆಗೂ ಹೋಗಿ ಬನ್ನಿ. ನಮ್ಮ ಸೀಮೆಯ ಕೆರೆಗಳು ಸರಪಣಿಯಂತೆ ಒಂದಕ್ಕೊಂದು ಹೆಣೆದುಕೊಂಡವು. ಒಂದರ ಕೋಡಿ ನೀರು ಹಳ್ಳವಾಗಿ ಹರಿದು ಮುಂದಿನದನ್ನು ತುಂಬಿಸುತ್ತದೆ. ಜಿಲ್ಲೆಯ ನೀರೆಲ್ಲ ಒಂದೇ ದಿಕ್ಕಿಗೆ ಹೋಗುವುದೂ ಇಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಅದೇ ಬೆಟ್ಟಗಳ ಕಡೆಯಿಂದ ಹೊರಡುವ ಶಿಂಷಾ ದಕ್ಷಿಣಕ್ಕೆ ಸಾಗಿ ಕಾವೇರಿಯನ್ನು ಸೇರುತ್ತದೆ. ನಿಮ್ಮ ಹಳ್ಳ ಯಾವ ಕೆರೆಗೆ, ಯಾವ ಹೊಳೆಗೆ ಸೇರುತ್ತದೆಂದು ಗೊತ್ತಾದರೆ, ನೀವು ತಡೆಯುವ ಕೊಳಚೆ ಯಾರ ಬೋರ್‌ವೆಲ್ಲಿಗೆ, ಯಾರ ತೋಟಕ್ಕೆ ಹೋಗುತ್ತಿತ್ತು ಎಂಬುದೂ ಗೊತ್ತಾಗುತ್ತದೆ. ಈ ಅರಿವು ಮುಂದೆ ನೆರೆಹೊರೆಯವರನ್ನು ಕೆಲಸಕ್ಕೆ ಕರೆಯುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ನೆರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳುವುದು ಈ ಹಂತದ ಅತಿ ಮುಖ್ಯ ಕೆಲಸ. ಪೊದೆಗಳ ಕೊಂಬೆಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೂರು, ಗೋಡೆಯ ಮೇಲಿನ ಕೆಸರಿನ ಗೆರೆ ಹಿಂದಿನ ಮಳೆಗಾಲದ ಮಟ್ಟವನ್ನು ತೋರಿಸುತ್ತವೆ. ಬಡಾವಣೆ ಆಗುವ ಮೊದಲು ಅಲ್ಲಿ ಹೊಲ ಮಾಡುತ್ತಿದ್ದ ಹಿರಿಯರನ್ನು ಕೇಳಿ. ನಮ್ಮಲ್ಲಿ ಒಬ್ಬ ಅಜ್ಜ ಉದ್ಯಾನದ ನಡುವಿನ ಮರವನ್ನು ತೋರಿಸಿ, “ಹಸ್ತ, ಚಿತ್ತ ಮಳೆ ಜೋರಾದ್ರೆ ನೀರು ಆ ಹೊಂಗೆ ಬುಡ ದಾಟಿ ಬರ್ತಿತ್ತು ಕಣಪ್ಪ” ಎಂದರು. ನಾವು ಆಟದ ಸಾಮಾನು ಇಡಬೇಕೆಂದುಕೊಂಡಿದ್ದ ಜಾಗ ಅದೇ ಆಗಿತ್ತು. ನಮ್ಮ ಜಿಲ್ಲೆಯಲ್ಲಿ ಜೋರು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ. ಜೂನ್‌ನ ಹದ ಮಳೆಯನ್ನು ನೋಡಿ ಹಳ್ಳದ ಅಗಲವನ್ನು ಅಳೆದವರು ಮೋಸಹೋಗುತ್ತಾರೆ. ಒಂದು ಎಕರೆ ಟಾರು ಮತ್ತು ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಆಗುತ್ತದೆ, ಮತ್ತು ಅದರ ಬಹುಭಾಗ ಒಂದು ಗಂಟೆಯೊಳಗೆ ಹಳ್ಳಕ್ಕೆ ಬಂದು ಬೀಳುತ್ತದೆ.

ಕಾಗದಪತ್ರ

ಪಿಕಾಸಿ ಹಿಡಿಯುವ ಮೊದಲು ಜಾಗ ಯಾರದ್ದು, ಎಲ್ಲೆ ಎಲ್ಲಿ ಎಂಬುದು ಬರಹದಲ್ಲಿ ನಿಮ್ಮ ಕೈಯಲ್ಲಿರಬೇಕು. ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆಯ ನಕ್ಷೆಯಲ್ಲಿ ಉದ್ಯಾನದ ಅಳತೆಯಿರುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಹಳ್ಳದ ಹಳೆಯ ದಾರಿಯಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುವುದರಿಂದ ಮೊದಲ ಅಂದಾಜಿಗೆ ಅದು ಸಾಕು, ಆದರೆ ಎಲ್ಲೆಯನ್ನು ನಿರ್ಣಯಿಸಲು ಸರ್ವೆಯರ್ ಬಂದು ಅಳೆಯಲೇಬೇಕು. ದಾಖಲೆ ಕೇಳಿದಾಗ ಸಿಗದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ; 30 ದಿನಗಳಲ್ಲಿ ಉತ್ತರ ಕೊಡುವುದು ಅವರ ಕರ್ತವ್ಯ.

ಉದ್ಯಾನವೆಂದು ಗುರುತಿಸಿದ ಜಾಗವನ್ನು ಬೇರೆ ಬಳಕೆಗೆ ತಿರುಗಿಸದಂತೆ ಕಾಯಲು 1985ರಿಂದಲೇ ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಪ್ರದೇಶಗಳ ಕಾಯ್ದೆಯಿದೆ. ಮರ ಕಡಿಯುವುದಾದರೆ, ಅದು ಒಣಗಿದ್ದೇ ಆಗಿರಲಿ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂದು ವೃಕ್ಷಾಧಿಕಾರಿಗಳನ್ನು ಮೊದಲೇ ಕೇಳಿ. ಮಹಾನಗರ ಪಾಲಿಕೆಯ ಆಯುಕ್ತರಿಂದ ಕೆಲಸಕ್ಕೆ ಲಿಖಿತ ಒಪ್ಪಿಗೆ ಪಡೆಯುವವರೆಗೆ ಒಂದು ರೂಪಾಯಿ ಚಂದಾ ಸಹ ಎತ್ತಬೇಡಿ. ಹಳ್ಳದ ಒತ್ತುವರಿ ಕಂಡುಬಂದರೆ ಅಳತೆಯ ಪ್ರತಿಯೊಂದಿಗೆ ತಹಶೀಲ್ದಾರರಿಗೂ ಪಾಲಿಕೆಗೂ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒತ್ತುವರಿದಾರರೊಡನೆ ನೀವೇ ಜಗಳಕ್ಕೆ ಇಳಿದರೆ ಉದ್ಯಾನದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಕೊಳಚೆಯನ್ನು ತಡೆಯುವುದು

ಇಡೀ ಕೆಲಸದಲ್ಲಿ ಕಷ್ಟವಾದ, ನಿಧಾನವಾದ ಮತ್ತು ಯಾರ ಕಣ್ಣಿಗೂ ಬೀಳದ ಭಾಗ ಇದು. ನಡೆದು ನೋಡಿದಾಗ ಬರೆದುಕೊಂಡ ಪ್ರತಿ ಕೊಳವೆಗೂ ಒಂದು ಸಂಖ್ಯೆ ಕೊಡಿ. ಫೋಟೊ, ಹತ್ತಿರದ ಮನೆಯ ಗುರುತು, ನೀರಿನ ಬಣ್ಣ, ಹರಿಯುವ ಹೊತ್ತು ಇಷ್ಟನ್ನೂ ಸೇರಿಸಿ ಒಂದು ಪಟ್ಟಿ ಮಾಡಿ. ಇವುಗಳಲ್ಲಿ ಕೆಲವು ಒಳಚರಂಡಿಗೆ ಸೇರದೆ ನೇರವಾಗಿ ಹಳ್ಳಕ್ಕೆ ಬಿಟ್ಟ ಮನೆಗಳ ಕೊಳವೆಗಳಾಗಿರುತ್ತವೆ, ಕೆಲವು ಕಟ್ಟಿಕೊಂಡು ಉಕ್ಕುವ ಒಳಚರಂಡಿಯ (ಯುಜಿಡಿ) ಆಳುಗುಂಡಿಗಳಾಗಿರುತ್ತವೆ, ಇನ್ನು ಕೆಲವು ನಿಜವಾದ ಮಳೆನೀರು ಚರಂಡಿಗಳು. ಮೊದಲೆರಡನ್ನು ಒಳಚರಂಡಿಗೆ ಸೇರಿಸಬೇಕು. ಮೂರನೆಯದನ್ನು ಉಳಿಸಿಕೊಳ್ಳಬೇಕು, ಏಕೆಂದರೆ ಹಳ್ಳ ಬದುಕುವುದೇ ಮಳೆನೀರಿನಿಂದ.

“ಉದ್ಯಾನದಲ್ಲೇ ಜೊಂಡು ಬೆಳೆಸಿ ಕೊಳಚೆಯನ್ನು ಶುದ್ಧಿ ಮಾಡೋಣ” ಎಂಬ ಸಲಹೆ ಇಲ್ಲಿ ತಪ್ಪದೆ ಬರುತ್ತದೆ. ವಿಧಾನ ಒಳ್ಳೆಯದೇ, ಆದರೆ ಲೆಕ್ಕ ಹಾಕಿ ನೋಡಬೇಕು. ಒಳಚರಂಡಿಯಿರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರಿ ಮಾನದಂಡ, ಅದರ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂದು ಹಿಡಿಯುತ್ತಾರೆ. ಮನೆಗೆ ನಾಲ್ವರಂತೆ 100 ಮನೆಗಳಿಂದ ದಿನಕ್ಕೆ ಸುಮಾರು 43,000 ಲೀಟರ್ ಬರುತ್ತದೆ. ಜಲ್ಲಿ ಹಾಸಿನ ಮೇಲೆ ಜೊಂಡು ಬೆಳೆಸಿ ಇದನ್ನು ತಕ್ಕಮಟ್ಟಿಗೆ ಶುದ್ಧಿ ಮಾಡಲು, ತಲೆಗೆ 1ರಿಂದ 2 ಚದರ ಮೀಟರ್‌ನಂತೆ, 4ರಿಂದ 8 ಗುಂಟೆ ಜಾಗ ಬೇಕು. ಅದಕ್ಕೂ ಮೊದಲು ಗಸಿ ಇಳಿಯುವ ತೊಟ್ಟಿ ಬೇಕು, ಅದನ್ನು ಆಗಾಗ ಬಳಿಯುವವರು ಬೇಕು. ಒಂದು ವಾರ್ಡಿನ ಕೊಳಚೆಯನ್ನು ಸಣ್ಣ ಉದ್ಯಾನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಳಚರಂಡಿಗೆ ಸೇರಿಸಲು ಸಾಧ್ಯವೇ ಇಲ್ಲದ ಎಂಟು–ಹತ್ತು ಮನೆಗಳ ಬಚ್ಚಲು ನೀರಿಗಷ್ಟೇ ಜೊಂಡಿನ ಹಾಸು ತಕ್ಕದ್ದೆಂಬುದು ನನ್ನ ಅಭಿಪ್ರಾಯ.

ಆಳುಗುಂಡಿಯ ಮುಚ್ಚಳವನ್ನು ನೀವು ತೆಗೆಯಬೇಡಿ, ಯಾರನ್ನೂ ಒಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಮನುಷ್ಯರನ್ನು ಇಳಿಸಿ ಆಳುಗುಂಡಿ ಬಳಿಸುವುದು ಅಪರಾಧ. ಜೆಟ್ಟಿಂಗ್ ಯಂತ್ರವನ್ನೇ ತರಿಸಬೇಕು. ಕೊಳಚೆ ಹರಿದ ಹಳ್ಳದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗಮ್‌ಬೂಟು ಮತ್ತು ದಪ್ಪ ಕೈಗವಸು ಕಡ್ಡಾಯವಾಗಿರಲಿ. ಕೈಕಾಲಿನಲ್ಲಿ ಗಾಯವಿರುವವರು ನೀರಿಗೆ ಇಳಿಯದಿರಲಿ, ಇಲಿಜ್ವರದ ಭಯವಿದೆ.

ನಮ್ಮ ಹಳ್ಳದ ಕೊಳವೆಗಳೆಲ್ಲ ಒಳಚರಂಡಿಗೆ ಸೇರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಅವಧಿಯಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ಅದೇ ಪಟ್ಟಿಯನ್ನು ಹೊಸ ಫೋಟೊಗಳೊಂದಿಗೆ ಅಧಿಕಾರಿಗಳಿಗೆ ಮತ್ತೆ ಕೊಟ್ಟೆವು. ಅಧಿಕಾರಿಗಳು ಬದಲಾದರೂ ಪಟ್ಟಿ ಬದಲಾಗದೆ ಉಳಿದದ್ದೇ ಕೆಲಸ ಮುಗಿಯಲು ಕಾರಣವಾಯಿತೆಂದು ನಾನು ನಂಬಿದ್ದೇನೆ.

ಮಳೆನೀರು ಚರಂಡಿ ಉದ್ಯಾನಕ್ಕೆ ಸೇರುವ ಕಡೆ ಓರೆಯಾಗಿ ನಿಲ್ಲಿಸಿದ ಕಬ್ಬಿಣದ ಜಾಲರಿ, ಅದರ ಹಿಂದೆ ಕಲ್ಲು ಕಟ್ಟಿದ ಒಂದು ಹೂಳುಗುಂಡಿ ಇರಲಿ. ಸರಳುಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಸಂದು ಸಾಕು. ಜಾಲರಿ ನೆಟ್ಟಗೆ ನಿಂತಿದ್ದರೆ ಮೊದಲ ಮಳೆಗೇ ಪ್ಲಾಸ್ಟಿಕ್ ಕಟ್ಟಿಕೊಂಡು ನೀರು ರಸ್ತೆಗೆ ಉಕ್ಕುತ್ತದೆ. ಓರೆಯಾಗಿದ್ದರೆ ಕಸ ಮೇಲೆ ಸರಿದು ಬರುತ್ತದೆ, ಕುಂಟೆಯಿಂದ ಎಳೆಯಲೂ ಸುಲಭ.

ದಡವನ್ನು ತಿದ್ದುವುದು

ಕಾಂಕ್ರೀಟ್ ಗೋಡೆ ಏಕೆ ಬೇಡವೆಂಬುದನ್ನು ಪಾಲಿಕೆಯ ಎಂಜಿನಿಯರರಿಗೂ ನೆರೆಹೊರೆಯವರಿಗೂ ಹಲವು ಬಾರಿ ಹೇಳಬೇಕಾಗುತ್ತದೆ, ಆದ್ದರಿಂದ ಕಾರಣಗಳು ಬಾಯಿಯಲ್ಲಿರಲಿ. ನುಣುಪಾದ ಗೋಡೆಗಳ ನಡುವೆ ನೀರಿನ ವೇಗ ಹೆಚ್ಚಿ, ಗೋಡೆ ಮುಗಿದ ಕಡೆ ಕೆಳಗಿನವರ ದಡವನ್ನು ಕೊರೆಯುತ್ತದೆ. ತಳಕ್ಕೂ ಕಾಂಕ್ರೀಟ್ ಹಾಕಿದರೆ ನೆಲಕ್ಕೆ ಇಂಗುವ ನೀರು ನಿಂತುಹೋಗುತ್ತದೆ. ಕಪ್ಪೆ, ಆಮೆ, ಮುಂಗುಸಿ ಒಳಗೆ ಬಿದ್ದರೆ ಮೇಲೆ ಹತ್ತಲಾರವು. ರಸ್ತೆಯ ಅಥವಾ ಮನೆಯ ಅಡಿಪಾಯಕ್ಕೆ ಅಪಾಯವಿರುವ ಹತ್ತಿಪ್ಪತ್ತು ಮೀಟರ್ ಜಾಗದಲ್ಲಿ ಗೋಡೆ ಅನಿವಾರ್ಯವಾಗಬಹುದು; ಅಲ್ಲಿಯೂ ಗಾರೆಯಿಲ್ಲದೆ ಜೋಡಿಸಿದ ಸೈಜುಗಲ್ಲಿನ ಗೋಡೆಯನ್ನೇ ಕೇಳಿ. ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ, ಮತ್ತು ಸಂದುಗಳಲ್ಲಿ ಹುಲ್ಲು ಬೇರೂರಲು ಅವಕಾಶವಿರುತ್ತದೆ.

ಉಳಿದ ಕಡೆಯೆಲ್ಲ ಕಡಿದಾಗಿ ಕೊರೆದುಹೋದ ದಡವನ್ನು ಇಳಿಜಾರಾಗಿ ತಿದ್ದಬೇಕು. ಒಂದು ಅಡಿ ಎತ್ತರಕ್ಕೆ ಎರಡರಿಂದ ಮೂರು ಅಡಿ ಓಟ ಸಿಗುವಂತೆ ಮಣ್ಣನ್ನು ಉದ್ಯಾನದ ಕಡೆಗೆ ಕಡಿಯಿರಿ, ಎಂದೂ ಹಳ್ಳದೊಳಕ್ಕೆ ತಳ್ಳಬೇಡಿ. ಇದರಿಂದ ಉದ್ಯಾನದ ಕೆಲವು ಅಡಿ ಜಾಗ ಹಳ್ಳಕ್ಕೆ ಹೋಗುತ್ತದೆ. ಅದು ಹಳ್ಳದಿಂದ ಹಿಂದೆ ಕಿತ್ತುಕೊಂಡ ಜಾಗವೇ ಆಗಿರುವುದರಿಂದ ಸಂಕಟಪಡಬೇಕಾಗಿಲ್ಲ. ಜೆಸಿಬಿ ಬಳಸುವುದಾದರೆ ಒಂದು ಬದಿಯಿಂದ ಮಾತ್ರ, ಫೆಬ್ರವರಿಯಿಂದ ಏಪ್ರಿಲ್‌ನೊಳಗೆ, ನೀರು ತೀರ ಕಡಿಮೆಯಿರುವಾಗ ಬಳಸಿ. ಹೂಳು ತೆಗೆಯುವಾಗ ಹಳೆಯ ಗಟ್ಟಿ ತಳ ಸಿಕ್ಕಿದ ಕೂಡಲೇ ನಿಲ್ಲಿಸಿ. ಕಪ್ಪು ವಾಸನೆಯ ಹೂಳನ್ನು ಗೊಬ್ಬರವೆಂದು ಉದ್ಯಾನದಲ್ಲಿ ಹರಡಬೇಡಿ; ಬದಿಯಲ್ಲಿ ಒಣಗಿಸಿ ಪಾಲಿಕೆಯಿಂದಲೇ ಸಾಗಿಸಿ.

ಎಲ್ಲ ದಡವನ್ನೂ ಒಂದೇ ಅಚ್ಚಿನಲ್ಲಿ ತಿದ್ದುವ ಆಸೆಯನ್ನೂ ತಡೆದುಕೊಳ್ಳಿ. ಮಿಂಚುಳ್ಳಿ ಮತ್ತು ಕಳ್ಳಿಪೀರ ಹಕ್ಕಿಗಳು ನೆಟ್ಟಗಿರುವ ಮಣ್ಣಿನ ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತವೆ. ಜನ ಓಡಾಡದ ಕಡೆ ನಾಲ್ಕೈದು ಮೀಟರ್ ಕಡಿದಾದ ದಡವನ್ನು ಹಾಗೆಯೇ ಬಿಡಿ.

ತಿದ್ದಿದ ಇಳಿಜಾರು ಮೊದಲ ಮಳೆಗೆ ಕೊಚ್ಚಿಹೋಗದಂತೆ ಕಾಯಲು ತೆಂಗಿನ ನಾರಿನ ಚಾಪೆಗಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ. ತಿಪಟೂರು, ಗುಬ್ಬಿ, ತುರುವೇಕೆರೆಯ ತೆಂಗಿನ ಸೀಮೆ ನಮ್ಮ ಜಿಲ್ಲೆಯಲ್ಲೇ ಇರುವಾಗ ಪ್ಲಾಸ್ಟಿಕ್ ಬಲೆಯನ್ನು ಹಾಸುವ ಅಗತ್ಯವೇ ಇಲ್ಲ. ಚದರ ಮೀಟರಿಗೆ 700 ಗ್ರಾಂ ತೂಕದ ಹೆಣೆದ ಚಾಪೆ ಎರಡು ಮೂರು ಮಳೆಗಾಲ ಬಾಳಿ, ಅಷ್ಟರಲ್ಲಿ ಬೇರುಗಳು ಮಣ್ಣನ್ನು ಹಿಡಿದ ಮೇಲೆ ತಾನೇ ಮಣ್ಣಾಗುತ್ತದೆ. ದಡದ ನೆತ್ತಿಯಲ್ಲಿ ಒಂದು ಅಡಿ ಆಳದ ಕಾಲುವೆ ತೋಡಿ ಚಾಪೆಯ ಮೇಲಂಚನ್ನು ಅದರಲ್ಲಿ ಹೂತು, ಕೆಳಗೆ ಉರುಳಿಸಿ, ಒಂದೂವರೆ ಅಡಿಯ ಬಿದಿರು ಗೂಟಗಳನ್ನು ಮೀಟರಿಗೊಂದರಂತೆ ಹೊಡೆಯಿರಿ. ಪಕ್ಕಪಕ್ಕದ ಚಾಪೆಗಳು ಅರ್ಧ ಅಡಿಯಷ್ಟು ಒಂದರ ಮೇಲೊಂದು ಬರಬೇಕು, ಮತ್ತು ನೀರು ಬರುವ ಕಡೆಯ ಚಾಪೆ ಮೇಲಿರಬೇಕು. ತಿರುಗಾಮುರುಗಾ ಆದರೆ ನೀರು ಅಂಚನ್ನು ಎತ್ತಿ ಚಾಪೆಯನ್ನು ಸುತ್ತಿಕೊಂಡು ಹೋಗುತ್ತದೆ. ಹಳ್ಳ ತಿರುಗುವ ಕಡೆ ಹೊರಬದಿಯ ದಡದ ಬುಡಕ್ಕೆ ನೀರು ಬಡಿಯುವುದರಿಂದ ಅಲ್ಲಿ ಮಾತ್ರ ದೊಡ್ಡ ಗುಂಡುಗಳನ್ನು ಅರ್ಧ ಹೂತು ಕೂರಿಸಿ.

ಚಾಪೆಯ ಸಂದುಗಳಲ್ಲಿ ಲಾವಂಚದ ಕಂತೆಗಳನ್ನು ಇಳಿಜಾರಿಗೆ ಅಡ್ಡಲಾಗಿ, ಗೇಣಿಗಿಂತ ಹತ್ತಿರ ಹತ್ತಿರ ನೆಡಿ. ಅದರ ಬೇರು ಅಗಲಕ್ಕೆ ಹರಡದೆ ನೇರವಾಗಿ ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ನಡುನಡುವೆ ಹೆಬ್ಬೆರಳು ದಪ್ಪದ ಲಕ್ಕಿ ಕಡ್ಡಿಗಳನ್ನು, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ ಹೋಗುವಂತೆ ಊರಿ. ಲಕ್ಕಿಯನ್ನು ದನ ಮೇಕೆ ಮೇಯುವುದಿಲ್ಲ, ಬಿಸಿಲಿಗೂ ನೀರಿಗೂ ಅದು ಹೆದರುವುದಿಲ್ಲ, ಹೂ ಬಿಟ್ಟಾಗ ಜೇನುಹುಳುಗಳು ಮುತ್ತುತ್ತವೆ.

ಹಳ್ಳದ ತಳದಲ್ಲಿ ಇಪ್ಪತ್ತು ಮೂವತ್ತು ಮೀಟರಿಗೊಂದರಂತೆ, ಒಂದು ಅಡಿಗಿಂತ ಎತ್ತರವಾಗದ ಕಲ್ಲಿನ ಸಾಲುಗಳನ್ನು ಇಟ್ಟರೆ ಹಿಂದೆ ಸಣ್ಣ ಮಡು ನಿಲ್ಲುತ್ತದೆ. ಸಾಲಿನ ನಡುಭಾಗ ತಗ್ಗಾಗಿರಲಿ. ತುದಿಗಳು ತಗ್ಗಾದರೆ ನೀರು ದಡವನ್ನು ಕೊರೆಯುತ್ತದೆ. ಮಡು ಎಂದ ಕೂಡಲೇ ನೆರೆಯವರು ಸೊಳ್ಳೆಯ ಮಾತೆತ್ತುತ್ತಾರೆ, ಅದು ನ್ಯಾಯವಾದ ಆತಂಕವೇ. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಬೆಳೆಯುವುದು ಟೈರು, ತೆಂಗಿನ ಚಿಪ್ಪು, ಒಡೆದ ಬಕೆಟ್ಟುಗಳಲ್ಲಿ ನಿಂತ ನೀರಿನಲ್ಲಿ. ಕೊಳಚೆಯಲ್ಲಿ ಬೆಳೆಯುವ ಸೊಳ್ಳೆ ಬೇರೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕಾಗುವುದರಿಂದ ಇಂಥ ವಸ್ತುಗಳನ್ನು ವಾರಕ್ಕೊಮ್ಮೆ ಹೆಕ್ಕಿ ಬರಿದು ಮಾಡಿದರೆ ಸಾಕು. ಶುದ್ಧವಾದ ಮಡುವಿನಲ್ಲಿ ಕೆರೆಯ ಕೋಡಿ ನೀರಿನೊಂದಿಗೆ ಬಂದ ಸ್ಥಳೀಯ ಸಣ್ಣ ಮೀನುಗಳೂ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಸೊಳ್ಳೆಮರಿಗಳನ್ನು ತಿನ್ನುತ್ತವೆ. ಗ್ಯಾಂಬೂಸಿಯಾ ಅಥವಾ ಗಪ್ಪಿ ಮೀನುಗಳನ್ನು ತಂದು ಬಿಡಬೇಡಿ. ಹೊರನಾಡಿನ ಆ ಮೀನುಗಳು ನಮ್ಮ ಮೀನಿನ ಮತ್ತು ಕಪ್ಪೆಯ ಮರಿಗಳನ್ನೂ ಉಳಿಸುವುದಿಲ್ಲ.

ಕಳೆ

ಕಾಂಗ್ರೆಸ್ ಗಿಡವನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂ ಬಿಡುವ ಮೊದಲು, ಬೇರುಸಹಿತ ಕೀಳಬೇಕು. ಹೂ ಬಿಟ್ಟ ಮೇಲೆ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಕೈಗವಸು, ಮೂಗಿಗೆ ಬಟ್ಟೆ ಇರಲಿ. ಉಬ್ಬಸವಿರುವವರು, ಚರ್ಮದ ತೊಂದರೆಯಿರುವವರು ದೂರವಿರಲಿ. ಕಿತ್ತ ಜಾಗವನ್ನು ಬರಿದಾಗಿ ಬಿಡದೆ ತಗಚೆ ಬೀಜ ಎರಚಿದರೆ ಅದು ಮುಂದಿನ ಕಳೆಯನ್ನು ಮೇಲೇಳಗೊಡುವುದಿಲ್ಲ. ಎಲೆಗಳ ಮೇಲೆ ಕಂದು ಗೆರೆಯ ಸಣ್ಣ ದುಂಬಿಗಳು ಕಂಡರೆ ಔಷಧಿ ಹೊಡೆಯಬೇಡಿ. ಕಾಂಗ್ರೆಸ್ ಗಿಡವನ್ನು ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೊದ ದುಂಬಿಯ ಸಂತತಿ ಅದು.

ಲಂಟಾನವನ್ನು ಮೇಲೆ ಸವರಿದರೆ ಇಮ್ಮಡಿಯಾಗಿ ಚಿಗುರುತ್ತದೆ. ನೆಲದಿಂದ ಎರಡು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಬಳ್ಳಾರಿ ಜಾಲಿಯೂ ಹಾಗೆಯೇ. ಬುಡದ ಗಡ್ಡೆಯನ್ನು ಅಗೆದು ತೆಗೆಯದಿದ್ದರೆ ಕೆಲಸ ವ್ಯರ್ಥ. ಆದರೆ ಎಲ್ಲವನ್ನೂ ಒಂದೇ ವಾರದಲ್ಲಿ ಬೋಳಿಸಬೇಡಿ. ಪಿಕಳಾರ, ಮುನಿಯ ಹಕ್ಕಿಗಳಿಗೆ ಪಾಳು ಉದ್ಯಾನದಲ್ಲಿ ಆ ಪೊದೆಗಳೇ ಆಸರೆ. ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ತೆಗೆದು, ತೆಗೆದ ಕಡೆ ನಮ್ಮ ಪೊದೆಗಳನ್ನು ಬೆಳೆಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.

ಏನನ್ನು, ಎಲ್ಲಿ ನೆಡುವುದು

ನರ್ಸರಿಗೆ ಹೋಗುವ ಮೊದಲು ಒಂದು ಬೆಳಗ್ಗೆ ದೇವರಾಯನದುರ್ಗದ ಕಾಡಿನ ಅಂಚಿಗೆ, ನಾಮದ ಚಿಲುಮೆಯ ಕಡೆಗೆ ಹೋಗಿ ಬನ್ನಿ. ಇಲ್ಲವೇ ಹಳ್ಳಿಯೊಂದರ ಹಳೆಯ ಗುಂಡುತೋಪನ್ನು, ಕೆರೆಯ ಹಿಂದಿನ ಹಳ್ಳವನ್ನು ನೋಡಿ. ಯಾವ ಮರ ನೀರಿನ ಬಳಿ ನಿಂತಿದೆ, ಯಾವುದು ದಡದ ಮೇಲೆ, ಯಾವುದು ಒಣನೆಲದಲ್ಲಿ ಎಂಬುದನ್ನು ಬರೆದುಕೊಳ್ಳಿ. ನಿಮ್ಮ ಉದ್ಯಾನಕ್ಕೆ ಅದೇ ನಕ್ಷೆ.

ನೀರಿನ ಅಂಚಿನಲ್ಲಿ, ವರ್ಷದ ಬಹುಕಾಲ ಕಾಲು ತೇವವಾಗಿರುವ ಕಡೆ, ಬಜೆ, ಒಂದೆಲಗ, ನೀರುಬ್ರಾಹ್ಮಿ ಮತ್ತು ಸ್ವಲ್ಪವೇ ಜೊಂಡು ಸಾಕು. ಜೊಂಡು ಕೈಮೀರಿ ಹರಡುವುದರಿಂದ ಒಂದೆರಡು ಮಡುಗಳಿಗೆ ಸೀಮಿತವಾಗಿಡಿ. ನೆರೆ ಬಂದು ಹೋಗುವ ಇಳಿಜಾರಿನಲ್ಲಿ ಲಾವಂಚ, ಲಕ್ಕಿಯ ಜೊತೆಗೆ ಈಚಲನ್ನೂ ಗರಿಕೆಯನ್ನೂ ಬೆಳೆಸಿ; ಅಗಲವಾದ ಕಡೆ ನೀರವಂಜಿಯನ್ನೂ ನೆಡಬಹುದು. ದಡದ ನೆತ್ತಿಯಲ್ಲಿ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ ಇವು ನಾಲ್ಕೇ ಇದ್ದರೂ ಉದ್ಯಾನ ತುಂಬುತ್ತದೆ. ಅತ್ತಿ ಮತ್ತು ನೇರಳೆಯ ಹಣ್ಣಿಗೆ ಬಾವಲಿಯೂ ಕೋಗಿಲೆಯೂ ಬರುತ್ತವೆ. ಒಳಗಿನ ಒಣನೆಲಕ್ಕೆ ಬೇವು, ಹಿಪ್ಪೆ, ಕಕ್ಕೆ, ಮುತ್ತುಗ, ಬಿಲ್ವ. ಮೂಲೆಗಳಲ್ಲಿ ಎಕ್ಕ, ಕರಿಬೇವು, ನಿಂಬೆ. ಚಿಟ್ಟೆಗಳು ಮೊಟ್ಟೆಯಿಡುವುದು ಇಂಥ ಗಿಡಗಳ ಎಲೆಯ ಮೇಲೆ. ಬರಿಯ ಹೂಗಿಡಗಳಿದ್ದರೆ ಚಿಟ್ಟೆಗಳು ಬಂದು ಮಕರಂದ ಕುಡಿದು ಹೋಗುತ್ತವೆಯೇ ಹೊರತು ಅಲ್ಲಿ ಸಂತಾನ ಬೆಳೆಸುವುದಿಲ್ಲ.

ಬೇಡವಾದವುಗಳ ಹೆಸರನ್ನೂ ಹೇಳಬೇಕು. ಬೇಗ ಬೆಳೆಯುತ್ತದೆಂದು ಕೊಡುವ ಕೋನೊಕಾರ್ಪಸ್, ಸುಬಾಬುಲ್, ನೀಲಗಿರಿ ಯಾವುದೂ ಹಳ್ಳದ ಬಳಿ ಬರಬಾರದು. ಅಂತರ್ಜಲದ ಕಾರಣಕ್ಕೆ ನೀಲಗಿರಿಯ ಹೊಸ ನೆಡುತೋಪನ್ನು ರಾಜ್ಯ ಸರ್ಕಾರ 2017ರಲ್ಲಿಯೇ ನಿಷೇಧಿಸಿದೆ. ಚದರ ಮೀಟರಿಗೆ ಮೂರು ನಾಲ್ಕು ಸಸಿ ಒತ್ತೊತ್ತಾಗಿ ನೆಡುವ ಮಿಯಾವಾಕಿ ಪದ್ಧತಿಯನ್ನೂ ಹಳ್ಳದ ದಡಕ್ಕೆ ನಾನು ಸೂಚಿಸಲಾರೆ. ನಮ್ಮದು ಬಯಲುಸೀಮೆ, ಇಲ್ಲಿನ ಜೀವಿಗಳಲ್ಲಿ ಅನೇಕವು ತೆರೆದ ನೆಲವನ್ನೇ ಬಯಸುತ್ತವೆ. ಟಿಟ್ಟಿಭ ಹಕ್ಕಿ ಬರಿಯ ಗರಸು ನೆಲದ ಮೇಲೆ ಮೊಟ್ಟೆಯಿಡುತ್ತದೆ. ಅದಕ್ಕೊಂದು ಮೂಲೆ ಖಾಲಿ ಉಳಿಯಲಿ.

ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ. ಕಟ್ಟಡದ ಚೂರು ಸುರಿದ ನೆಲವಾದರೆ ಚೂರನ್ನೆಲ್ಲ ಹೊರಹಾಕಿ, ಮೇಲ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಆರಿದ್ರಾ ಮಳೆ ನೆಲವನ್ನು ಒಂದು ಅಡಿ ನೆನೆಸಿದ ಮೇಲೆ ಒಳನೆಲದ ಸಸಿಗಳನ್ನು ನೆಡಿ. ದಡದ ಇಳಿಜಾರಿನ ಹುಲ್ಲು ಮತ್ತು ಲಕ್ಕಿ ಜೂನ್‌ನಲ್ಲೇ ನೆಲ ಹಿಡಿಯಬೇಕು, ಹಸ್ತ ಮಳೆಯ ಹೊತ್ತಿಗೆ ಅವುಗಳ ಬೇರು ಸಿದ್ಧವಾಗಿರಬೇಕು. ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ತರುವಾಗ ಚೀಲದ ಬುಡದಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದರೆ ಬಿಟ್ಟುಬಿಡಿ. ನೇರಳೆ ಬೀಜ ಒಣಗಿದರೆ ಮೊಳೆಯುವುದಿಲ್ಲ. ಹಣ್ಣು ತಿಂದ ವಾರದೊಳಗೆ ಚೀಲಕ್ಕೆ ಹಾಕಿದರೆ ಮಕ್ಕಳೇ ಮುಂದಿನ ವರ್ಷದ ಸಸಿಗಳನ್ನು ಮಾಡಿಕೊಳ್ಳಬಹುದು. ಬುಡಕ್ಕೆ ತೆಂಗಿನ ಸಿಪ್ಪೆಯನ್ನು ಬೋರಲಾಗಿ ಮುಚ್ಚಿ. ಮೊದಲ ಎರಡು ಬೇಸಗೆ ವಾರಕ್ಕೆ ಎರಡು ಕೊಡ ನೀರು ತಪ್ಪಬಾರದು. ಸಸಿಗಳ ಸಂಖ್ಯೆಯನ್ನು ಈ ನೀರಿನ ಲೆಕ್ಕದಿಂದಲೇ ನಿರ್ಧರಿಸಬೇಕು.

ಜನರಿಗೆ ಬೇಕಾದದ್ದು

ಹಾದಿಗೆ ಇಂಟರ್‌ಲಾಕ್ ಟೈಲ್ಸ್ ಬದಲು ಗರಸು ಹಾಕಿ ದಮ್ಮಸು ಮಾಡಿದರೆ ನೀರು ಇಂಗುತ್ತದೆ, ಮೊಣಕಾಲಿಗೂ ಹಿತ. ಗಾಲಿಕುರ್ಚಿ ಬರುವಂತೆ ಒಂದೂವರೆ ಮೀಟರ್ ಅಗಲವೂ, ಏರು ಇರುವ ಕಡೆ 12 ಅಡಿಗೆ ಒಂದು ಅಡಿಗಿಂತ ಕಡಿದಾಗದ ಇಳಿಜಾರೂ ಇರಲಿ. ಹಾದಿ ನೆರೆಯ ಗುರುತಿನಿಂದ ಮೇಲೆಯೇ ಸಾಗಬೇಕು. ಒಂದೆರಡು ಕಡೆ ಮಾತ್ರ ಚಪ್ಪಡಿ ಮೆಟ್ಟಿಲಿನಿಂದ ನೀರಿನ ಬಳಿ ಇಳಿಯಲು ದಾರಿ ಮಾಡಿ. ಹಾದಿಯ ಇಕ್ಕೆಲದ ಪೊದೆ ಸೊಂಟದೆತ್ತರ ಮೀರದಂತೆ, ಮರದ ಕೊಂಬೆ ಆಳೆತ್ತರಕ್ಕಿಂತ ಕೆಳಗೆ ಬಾರದಂತೆ ಸವರಿದರೆ ಒಂದು ತುದಿಯಿಂದ ಇನ್ನೊಂದು ತುದಿ ಕಾಣುತ್ತದೆ. ಹೆಣ್ಣುಮಕ್ಕಳು ಒಂಟಿಯಾಗಿ ಬಂದು ಕೂರುವಂತಾಗಲು ಈ ನೋಟ ಬಹಳ ಮುಖ್ಯ. ದೀಪಗಳು ತಗ್ಗಿನಲ್ಲಿ, ಹಳದಿ ಬೆಳಕಿನವು, ಹಾದಿಯ ಮೇಲೆ ಮಾತ್ರ ಬೀಳುವಂತಿರಲಿ. ಹಳ್ಳದ ಕಡೆ ದೀಪ ಬೇಡ. ಕಲ್ಲುಕೂಚದ ಬೇಲಿಯ ಕೆಳಗೆ ಮುಂಗುಸಿ ನುಸುಳುವಷ್ಟು ಸಂದು ಬಿಡಿ.

ನೀರೊಳ್ಳೆ ಮತ್ತು ಕೇರೆ ಹಾವುಗಳು ಬರುತ್ತವೆ, ಬರಬೇಕು, ಎರಡಕ್ಕೂ ವಿಷವಿಲ್ಲ. ಇದನ್ನು ಚಿತ್ರಸಹಿತ ಬೋರ್ಡಿನಲ್ಲಿ ಬರೆದು ಹಾಕಿ, ನಾಗರ ಮತ್ತು ಕೊಳಕುಮಂಡಲದ ಗುರುತುಗಳನ್ನೂ ಅದೇ ಬೋರ್ಡಿನಲ್ಲಿ ಕೊಡಿ.

ಮೂರು ವರ್ಷದ ಪಾಲನೆ

ಉದ್ಯಾನದ ಮಾಲಿಗೆ ಮೊದಲ ದಿನವೇ ಎಲ್ಲವನ್ನೂ ವಿವರಿಸಿ, ಅವರ ಮಾತನ್ನೂ ಕೇಳಿ. ಸ್ವಚ್ಛ ಮಾಡೆಂದು ಯಾರೋ ಹೇಳಿದ್ದಕ್ಕೆ ಮಾಲಿಯೊಬ್ಬರು ದಡದ ಲಾವಂಚವನ್ನೆಲ್ಲ ಹುಲ್ಲೆಂದು ಕೊಯ್ದದ್ದು ನಮ್ಮಲ್ಲಿ ನಡೆದಿದೆ. ತಪ್ಪು ಅವರದ್ದಲ್ಲ, ತಿಳಿಸದ ನಮ್ಮದು. ನೀರಿನಂಚಿನಿಂದ ಮೂರು ನಾಲ್ಕು ಮೀಟರ್ ಒಳಗೆ ಹುಲ್ಲು ಕೊಯ್ಯುವಂತಿಲ್ಲವೆಂದು ತಿಳಿಯಲು ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ನೆಡಿ. ತರಗೆಲೆಗೆ ಬೆಂಕಿ ಹಾಕದೆ ಮೂಲೆಯ ಗೊಬ್ಬರಗುಂಡಿಗೆ ತುಂಬಿ.

ಪ್ರತಿ ತಿಂಗಳು ಒಂದೇ ಜಾಗದಿಂದ ಒಂದೇ ದಿಕ್ಕಿಗೆ ಫೋಟೊ ತೆಗೆಯಿರಿ. ಬೆಳಗ್ಗೆ ಅರ್ಧ ಗಂಟೆ ಕಂಡ ಹಕ್ಕಿಗಳನ್ನು ಎಣಿಸಿ ಬರೆಯಿರಿ. ಜೂನ್‌ನಲ್ಲಿ ನೆಟ್ಟ ಸಸಿಗಳಲ್ಲಿ ಮುಂದಿನ ಜೂನ್‌ಗೆ ಎಷ್ಟು ಉಳಿದವೆಂದು ಲೆಕ್ಕ ಹಾಕಿ, ಸತ್ತವುಗಳ ಜಾಗಕ್ಕೆ ಅದೇ ಜಾತಿಯನ್ನು ಮತ್ತೆ ಹಾಕುವ ಮೊದಲು ಏಕೆ ಸತ್ತವೆಂದು ಬೇರು ಬಿಡಿಸಿ ನೋಡಿ. ಸೆಪ್ಟೆಂಬರ್ ಬಂದಿತೆಂದರೆ ಜೋರು ಮಳೆಯ ಮರುದಿನ ಬೆಳಗ್ಗೆ ಇಬ್ಬರು ಕುಂಟೆ ಹಿಡಿದು ಜಾಲರಿಯ ಬಳಿ ಇರಬೇಕು. ಕಿತ್ತ ಗೂಟಗಳನ್ನು ಅಂದೇ ಹೊಡೆಯಬೇಕು, ಕೊರೆದ ಜಾಗಕ್ಕೆ ಅಂದೇ ಕಲ್ಲು ಕೂರಿಸಬೇಕು, ಏಕೆಂದರೆ ಮುಂದಿನ ಮಳೆ ಅದೇ ಗಾಯದಿಂದ ಒಳಗೆ ನುಗ್ಗುತ್ತದೆ. ಫೆಬ್ರವರಿಯಲ್ಲಿ ಮಡುಗಳ ಜೊಂಡನ್ನು ಮೂರನೆಯ ಒಂದು ಪಾಲು ಕೊಯ್ದು ಹೊರಗೆ ಹಾಕಿ, ಉಳಿದದ್ದನ್ನು ಹುಂಡುಕೋಳಿಗೆ ಬಿಡಿ. ಮಾರ್ಚ್‌ನಲ್ಲಿ ಹಳೆಯ ಕೊಳವೆಗಳ ಪಟ್ಟಿಯನ್ನು ತೆಗೆದುಕೊಂಡು ಬೆಳಗ್ಗೆ 6 ಗಂಟೆಗೆ ಹಳ್ಳದ ಮೇಲ್ಭಾಗದಿಂದ ಮತ್ತೆ ನಡೆಯಿರಿ. ಮುಚ್ಚಿದ ಕೊಳವೆಗಳಲ್ಲಿ ಒಂದೆರಡಾದರೂ ತೆರೆದುಕೊಂಡಿರುತ್ತವೆ.